ಎಂಟು ವರ್ಷದ ಮಗನಿಗೆ ಮನೋವೈದ್ಯರ ಮಾತ್ರೆ: ಶುರು ಮಾಡಲೇ, ಬೇಡವೇ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ, ಮೂರನೇ ತರಗತಿ. ಚಿಕ್ಕಂದಿನಿಂದಲೂ ಒಂದು ಕಡೆ ಕೂರುವ ಹುಡುಗನಲ್ಲ. ಒಂದು ವರ್ಷದಿಂದ ಈಚೆಗೆ ಸಿಟ್ಟು ಕೈಮೀರಿದೆ. ಬರೆಯಲು ಕೂರಿಸಿದರೆ ಪುಸ್ತಕ ಹರಿಯುತ್ತಾನೆ, ಪೆನ್ಸಿಲ್ ಮುರಿಯುತ್ತಾನೆ, ಎದುರಿಗೆ ಸಿಕ್ಕ ತಂಗಿಗೆ ಹೊಡೆಯುತ್ತಾನೆ. ಅರ್ಧ ಗಂಟೆ ಕಳೆದ ಮೇಲೆ ತಾನೇ ಬಂದು ನನ್ನ ಮಡಿಲಲ್ಲಿ ಅಳುತ್ತಾನೆ. ರಾತ್ರಿ ನಿದ್ದೆಯೂ ಸರಿಯಿಲ್ಲ, ಬಾಯಿ ತೆರೆದು ಗೊರಕೆ ಹೊಡೆಯುತ್ತಾ ಹಾಸಿಗೆ ತುಂಬ ಹೊರಳಾಡುತ್ತಾನೆ. ಚಿಕಿತ್ಸೆ ಕೊಡಿಸಿ, ಇಲ್ಲವಾದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಶಾಲೆಯವರು ಹೇಳಿದ್ದಾರೆ. ತೋರಿಸಿದ ವೈದ್ಯರು ಹತ್ತು ನಿಮಿಷ ಮಾತನಾಡಿಸಿ ರಿಸ್ಪೆರಿಡೋನ್ ಎಂಬ ಮಾತ್ರೆ ಬರೆದುಕೊಟ್ಟರು. ಎರಡು ವಾರದಿಂದ ಮಾತ್ರೆ ಕಪಾಟಿನಲ್ಲೇ ಇದೆ, ಪಟ್ಟಿ ಒಡೆದಿಲ್ಲ. ಅಷ್ಟರಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಓದಿ ಒಂದು ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ಬರೆದಿಟ್ಟಿದ್ದೇನೆ. ಗಂಡುಮಕ್ಕಳಿಗೆ ಎದೆ ಬೆಳೆಯುತ್ತದಂತೆ, ಮಗು ಮಂಕಾಗುತ್ತದಂತೆ, ಜೀವನಪೂರ್ತಿ ಬಿಡಲಾಗುವುದಿಲ್ಲವಂತೆ. ಇನ್ನು ಕೆಲವರು ಈ ಔಷಧಿಯೇ ನಮ್ಮ ಮಗುವನ್ನು ಉಳಿಸಿತು ಅನ್ನುತ್ತಾರೆ. ನನ್ನ ಪತಿ, 'ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ, ಈಗ ಸರಿಯಾಗಿಲ್ಲವೇ' ಎಂದು ಕೇಳುತ್ತಾರೆ. ಮೊನ್ನೆ ಮಗ ಕಪಾಟು ನೋಡಿ, 'ಅಮ್ಮಾ, ಆ ಮಾತ್ರೆ ತಗೊಂಡ್ರೆ ನಾನು ಒಳ್ಳೇ ಹುಡ್ಗ ಆಗ್ತೀನಾ?' ಅಂದ. ಏನು ಹೇಳಬೇಕೋ ತಿಳಿಯಲಿಲ್ಲ. ಮಾತ್ರೆ ಶುರು ಮಾಡಲೇ? ಯಾವುದನ್ನು ನಂಬಲಿ?

ಉತ್ತರ: ಎರಡು ವಾರ ಮಾತ್ರೆ ಕೊಡದೆ ಕಾದದ್ದು ತಪ್ಪೇನೋ ಎಂಬ ಅಳುಕು ನಿಮ್ಮ ಕಾಗದದ ಉದ್ದಕ್ಕೂ ಇದೆ. ಮೊದಲು ಅದನ್ನು ಇಳಿಸಿಬಿಡಿ. ನೀವು ಬರೆದಿರುವ ಸ್ಥಿತಿಯಲ್ಲಿ ಎರಡು ವಾರ ತಡವಾದದ್ದರಿಂದ ಮಗುವಿಗೆ ಹಾನಿಯಾಗಿಲ್ಲ. ಹಾಗೆಂದು ಮಾತ್ರೆಯನ್ನು ಕಪಾಟಿನಲ್ಲೇ ಮರೆತುಬಿಡುವುದೂ ಪರಿಹಾರವಲ್ಲ. ಕೊಡದೆ ಇದ್ದೇನೆ ಎಂಬುದನ್ನು ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಇದನ್ನು ಮುಚ್ಚಿಡುವ ಪೋಷಕರು ತುಂಬ ಜನ. ವೈದ್ಯರು ಬೈದಾರು ಎಂಬ ಹೆದರಿಕೆ ಅವರದು. ಆದರೆ ಮಾತ್ರೆ ಕೊಡುತ್ತಿದ್ದಾರೆ ಎಂದುಕೊಂಡು ವೈದ್ಯರಾದ ನಾವು ಮುಂದಿನ ಸಲ ಡೋಸ್ ಹೆಚ್ಚಿಸಿಬಿಟ್ಟರೆ ತೊಂದರೆ ಆಗುವುದು ಮಗುವಿಗೆ.

ನಿಮ್ಮ ಪ್ರಶ್ನೆ 'ಶುರು ಮಾಡಲೇ' ಎಂದಿದ್ದರೂ ಒಳಗೆ ಎರಡು ಭಯಗಳು ಎದುರುಬದುರಾಗಿ ನಿಂತಿವೆ: ಕೊಟ್ಟರೆ ಮಗು ಕೆಡುತ್ತಾನೇನೋ, ಕೊಡದಿದ್ದರೆ ಅವನ ಬಾಳು ಕೆಡುತ್ತದೇನೋ. ನಲವತ್ತು ಪುಟ ಬರೆದದ್ದು ಈ ಎರಡರ ನಡುವೆ ಸಿಕ್ಕಿಕೊಂಡೇ. ಒಂದು ವಿಷಯ ಕೇಳುತ್ತೇನೆ, ಆಕ್ಷೇಪಣೆ ಎಂದುಕೊಳ್ಳಬೇಡಿ. ಆ ನಲವತ್ತು ಪುಟದಲ್ಲಿ ನಿಮ್ಮ ಮಗನ ಬಗ್ಗೆ ಎಷ್ಟು ಪುಟ ಇದೆ? ಔಷಧಿಯ ಬಗ್ಗೆ ತಿಳಿಯುವುದು ಬೇಕು, ಖಂಡಿತ ಬೇಕು. ಆದರೆ ಯಾವ ಕಾಯಿಲೆಗೆ ಎಂಬುದು ಗೊತ್ತಿಲ್ಲದಿದ್ದರೆ ಔಷಧಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ನಿಮ್ಮ ಕಾಗದದಲ್ಲಿ ಕಾಯಿಲೆಯ ಹೆಸರು ಎಲ್ಲೂ ಇಲ್ಲ. ವೈದ್ಯರು ಹೇಳಲಿಲ್ಲವೋ, ಹೇಳಿದ್ದು ನಿಮಗೆ ತಲುಪಲಿಲ್ಲವೋ, ಏನೇ ಇರಲಿ, ಆ ಹೆಸರು ಸಿಗುವವರೆಗೆ ನಲವತ್ತು ಪುಟ ಎಂಬತ್ತಾದರೂ ಗೊಂದಲ ಕರಗುವುದಿಲ್ಲ.

'ವರ್ತನೆ' ಎಂಬುದಕ್ಕೆ ಔಷಧಿಯಿಲ್ಲ. ಸಿಟ್ಟು, ಹಠ, ಹೊಡೆಯುವುದು, ಇವು ಹೊರಗೆ ಕಾಣುವ ಹೊಗೆ. ಹುಡುಗ ಪುಸ್ತಕ ಹರಿಯುವುದು ಕೂರಲಾಗದ್ದಕ್ಕೋ, ಅಕ್ಷರ ಓದಲಾಗದ್ದಕ್ಕೋ, ರಾತ್ರಿ ನಿದ್ದೆ ಇಲ್ಲದ್ದಕ್ಕೋ, ತರಗತಿಯಲ್ಲಿ ಯಾರೋ ಹೆದರಿಸುತ್ತಿರುವುದಕ್ಕೋ ಎಂಬುದು ರಿಸ್ಪೆರಿಡೋನ್‌ಗೆ ಗೊತ್ತಾಗುವುದಿಲ್ಲ. ಈ ನಾಲ್ಕರಲ್ಲಿ ಯಾವುದಿದ್ದರೂ ಅದು ಕೂಗಾಟವನ್ನು ಸ್ವಲ್ಪ ತಗ್ಗಿಸಬಹುದು. ಅದಕ್ಕೇ ಎಚ್ಚರ ಬೇಕು. ಮಗು ಸುಮ್ಮನಾದ ಮಾತ್ರಕ್ಕೆ ಕಾರಣ ಸಿಕ್ಕಿತು ಎಂದಾಗುವುದಿಲ್ಲ.

ನಿಮ್ಮ ಕಾಗದದಲ್ಲಿ ನೀವು ಹೀಗೇ ಹೇಳಿ ಮುಂದೆ ಹೋದ ಮೂರು ಸಂಗತಿಗಳು ನನಗೆ ಮುಖ್ಯವಾಗಿ ಕಂಡವು.

ಒಂದು, ಗೊರಕೆ. ಎಂಟು ವರ್ಷದ ಮಗು ದಿನವೂ ಬಾಯಿ ತೆರೆದು ಗೊರಕೆ ಹೊಡೆಯುವುದು ಸಹಜವಲ್ಲ. ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡಿದ್ದರೆ ನಿದ್ದೆಯಲ್ಲಿ ಉಸಿರಾಟಕ್ಕೆ ಮತ್ತೆ ಮತ್ತೆ ತಡೆಯಾಗುತ್ತದೆ. ಪ್ರತಿ ಸಲವೂ ಮಿದುಳು ಅರೆಬರೆ ಎಚ್ಚರವಾಗುತ್ತದೆ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಆದರೆ ನಿದ್ದೆಗೆಟ್ಟ ಮಕ್ಕಳು ಕುಣಿಯುತ್ತಾರೆ, ರೇಗುತ್ತಾರೆ, ಯಾವುದರಲ್ಲೂ ನಿಲ್ಲುವುದಿಲ್ಲ. ನೋಡಿದವರಿಗೆ ಅದು ಥೇಟ್ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಟುವಟಿಕೆ ಅತಿಯಾಗುವ ತೊಂದರೆ. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಇಂಥ ತೊಂದರೆಯಿದ್ದ 5ರಿಂದ 9 ವರ್ಷದ 464 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು, ಇನ್ನೊಂದನ್ನು ಕಾದು ನೋಡಿದರು. ಶಸ್ತ್ರಚಿಕಿತ್ಸೆಯಾದ ಮಕ್ಕಳ ನಿದ್ದೆಯೂ ವರ್ತನೆಯೂ ಸುಧಾರಿಸಿದವು. ಗಮನವನ್ನು ಅಳೆಯುವ ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅಂದರೆ ಟಾನ್ಸಿಲ್ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸದೆ ಈ ಮಗುವಿಗೆ ಮನೋವೈದ್ಯಕೀಯ ಔಷಧಿ ಶುರು ಮಾಡುವುದು ಅವಸರ ಎನ್ನುತ್ತಿದ್ದೇನೆ. ರಾತ್ರಿ ಅವನು ಮಲಗಿರುವಾಗ ಎರಡು ನಿಮಿಷದ ವಿಡಿಯೊ ಮಾಡಿಟ್ಟುಕೊಂಡು ಹೋಗಿ, ಅವರಿಗೆ ತುಂಬ ನೆರವಾಗುತ್ತದೆ. ಜೊತೆಯಲ್ಲೇ ಕಿವಿ ಕೇಳುವುದನ್ನೂ ಪರೀಕ್ಷೆ ಮಾಡಿಸಿ. ಅಡಿನಾಯ್ಡ್ ಊದಿದ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಂತು ಕೇಳುವುದು ಮಂದವಾಗಿರಬಹುದು, 'ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ' ಎಂಬ ದೂರು ಅಕ್ಷರಶಃ ನಿಜವಾಗಿರಬಹುದು.

ಎರಡು, ಸಿಟ್ಟು ಸಿಡಿಯುವುದು ಬರೆಯಲು ಕೂರಿಸಿದಾಗ. ಆಟದಲ್ಲಿ, ಊಟದಲ್ಲಿ, ಹೊರಗೆ ಹೋದಾಗ ಸಿಡಿಯುತ್ತದೆ ಎಂದು ನೀವು ಬರೆದಿಲ್ಲ. ಅದು ಶುರುವಾದದ್ದೂ ಸುಮಾರು ಎರಡನೇ ತರಗತಿ ದಾಟುವ ಹೊತ್ತಿಗೆ, ಅಂದರೆ ಓದು ಬರಹದ ಭಾರ ಏರುವ ವಯಸ್ಸಿಗೆ. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕು ಇರುವ ಮಕ್ಕಳು ಒಂದನೇ ತರಗತಿಯಲ್ಲಿ ಬಾಯಿಪಾಠದಿಂದ ಹೇಗೋ ನಿಭಾಯಿಸಿಬಿಡುತ್ತಾರೆ. ಆಮೇಲೆ ಗುಟ್ಟು ರಟ್ಟಾಗುತ್ತದೆ. ತನಗೆ ಬರುವುದಿಲ್ಲ ಎಂದು ಎಲ್ಲರೆದುರು ಗೊತ್ತಾಗುವುದಕ್ಕಿಂತ ಪುಸ್ತಕ ಹರಿದು ತುಂಟ ಅನ್ನಿಸಿಕೊಳ್ಳುವುದು ಮಗುವಿಗೆ ಎಷ್ಟೋ ಮೇಲು. ಇದಕ್ಕೆ ಯಾವ ಮಾತ್ರೆಯೂ ಇಲ್ಲ, ಕಲಿಸುವ ಬಗೆಯೇ ಬೇರೆಯಾಗಬೇಕು. ಕಲಿಕೆಯ ತೊಡಕು ಮತ್ತು ಎಡಿಎಚ್‌ಡಿ ಎರಡೂ ಒಂದೇ ಮಗುವಿನಲ್ಲಿ ಇರುವುದು ಸಾಮಾನ್ಯ, ಹಾಗಾಗಿ ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕುವುದು ಬಿಡಬಾರದು. ಮಕ್ಕಳ ಮನಶ್ಶಾಸ್ತ್ರಜ್ಞರಿಂದ ಓದು, ಬರಹ, ಲೆಕ್ಕದ ಪರೀಕ್ಷೆ ಮಾಡಿಸಿ. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಅಲ್ಲ ಅದು.

ಮೂರನೆಯದು ನಿಮ್ಮ ಪತಿಯ ಮಾತು. ಬೇಜವಾಬ್ದಾರಿಯಿಂದ ಹೀಗನ್ನುತ್ತಾರೆ ಎಂದು ನಿಮಗೆ ಅನ್ನಿಸಿರಬಹುದು. ಆದರೆ ವೈದ್ಯರಿಗೆ ಅದು ಬೆಲೆಯುಳ್ಳ ಮಾಹಿತಿ. ಎಡಿಎಚ್‌ಡಿ ಮನೆತನದಲ್ಲಿ ಹರಿದುಬರುವ ಸ್ಥಿತಿ. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಅದರಲ್ಲಿ ವಂಶವಾಹಿಗಳ ಪಾತ್ರ ಶೇಕಡ 70ಕ್ಕೂ ಹೆಚ್ಚು ಎನ್ನುತ್ತವೆ. ಅಪ್ಪನೂ ಹೀಗೇ ಇದ್ದರು ಎನ್ನುವುದರಿಂದ ಮಗನಿಗೆ ಏನೂ ಇಲ್ಲ ಎಂದಾಗುವುದಿಲ್ಲ, ಇರುವ ಸಾಧ್ಯತೆ ಹೆಚ್ಚಾಗುತ್ತದೆ ಅಷ್ಟೆ. ಮುಂದಿನ ಭೇಟಿಗೆ ಅವರನ್ನೂ ಕರೆದೊಯ್ಯಿರಿ. ಆ ವಯಸ್ಸಿನಲ್ಲಿ ಅವರಿಗೆ ಏನು ಕಷ್ಟವಾಗಿತ್ತು, ಯಾರು ಹೇಗೆ ಕೈಹಿಡಿದರು, ಯಾವ ಏಟು ಇನ್ನೂ ನೆನಪಿದೆ ಎಂದು ಕೇಳಿದರೆ, ಗೋಡೆಗೆ ಒರಗಿ ಸುಮ್ಮನೆ ಕೂತ ಅಪ್ಪಂದಿರು ಮಾತಾಡಲು ಶುರು ಮಾಡಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ವೃತ್ತಿಯ ಆರಂಭದ ವರ್ಷಗಳಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಪಾಠದಲ್ಲಿ ಗಮನವಿಲ್ಲ, ಕರೆದರೆ ಓಗೊಡುವುದಿಲ್ಲ ಎಂಬ ದೂರು. ಎಡಿಎಚ್‌ಡಿ ಎಂದುಕೊಂಡು ಔಷಧಿ ಕೊಟ್ಟೆ, ಗುಣ ಕಾಣದೆ ಎರಡು ಸಲ ಡೋಸ್ ಏರಿಸಿದೆ. ಮೂರನೇ ಭೇಟಿಗೆ ಅವಳ ಶಿಕ್ಷಕಿಯಿಂದ ಒಂದು ಚೀಟಿ ಬಂತು: ಮಾತಿನ ಮಧ್ಯೆ ಹತ್ತು ಸೆಕೆಂಡು ನಿಂತುಬಿಡುತ್ತಾಳೆ, ಕಣ್ಣರೆಪ್ಪೆ ಅದುರುತ್ತದೆ, ಆಮೇಲೆ ಏನೂ ಆಗದವಳಂತೆ ಮುಂದುವರಿಸುತ್ತಾಳೆ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಡಿಸಿದಾಗ ಅದು ಅಬ್ಸೆನ್ಸ್ ಬಗೆಯ ಮೂರ್ಛೆರೋಗ ಎಂದು ಗೊತ್ತಾಯಿತು. ಅದರ ಚಿಕಿತ್ಸೆಯೇ ಬೇರೆ. ಅಂದಿನಿಂದ ಶಿಕ್ಷಕರ ಬರಹವಿಲ್ಲದೆ ನಾನು ಯಾವ ಮಗುವಿಗೂ ಔಷಧಿ ಶುರು ಮಾಡುವುದಿಲ್ಲ. ನಿಮ್ಮ ಶಾಲೆಯವರಿಂದಲೂ ಇದನ್ನೇ ಕೇಳಿ. ಔಷಧಿ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಯಾವ ಹೊತ್ತಿನಲ್ಲಿ, ಯಾವ ಪಾಠದಲ್ಲಿ, ಯಾರ ಪಕ್ಕ ಕೂತಾಗ ಏನಾಗುತ್ತದೆ ಎಂದು ಬರೆದುಕೊಡುವುದು ಅವರಿಂದ ಮಾತ್ರ ಆಗುವ ಕೆಲಸ.

ರಕ್ತಹೀನತೆ, ಕಬ್ಬಿಣದ ಕೊರತೆ, ಥೈರಾಯ್ಡ್, ದೃಷ್ಟಿದೋಷ, ಇವನ್ನು ಮಕ್ಕಳ ವೈದ್ಯರು ಒಂದೆರಡು ಪರೀಕ್ಷೆಯಲ್ಲೇ ನೋಡಿಬಿಡುತ್ತಾರೆ. ಯಾರಾದರೂ ಹೊಡೆಯುತ್ತಾರೆಯೇ, ಮುಟ್ಟಬಾರದ ರೀತಿ ಮುಟ್ಟುತ್ತಾರೆಯೇ ಎಂಬುದನ್ನೂ ನಿಧಾನವಾಗಿ, ಮಗುವನ್ನು ಗಾಬರಿಗೊಳಿಸದೆ ಕೇಳಬೇಕು. ಇದ್ದಕ್ಕಿದ್ದಂತೆ ಬದಲಾದ ಮಗುವಿನ ವಿಷಯದಲ್ಲಂತೂ ಇದು ಮೊದಲ ಪ್ರಶ್ನೆ.

ಈಗ ನಿಮ್ಮ ನೋಟ್‌ಬುಕ್ಕಿಗೆ ಬರೋಣ. ಅದರಲ್ಲಿ ಕೆಲವು ನಿಜ, ಕೆಲವು ಅರೆನಿಜ, ಕೆಲವು ಬರೀ ಭಯ.

ಎದೆ ಬೆಳೆಯುತ್ತದೆ ಎಂಬುದು ನಿಜ, ಗಾಳಿಸುದ್ದಿಯಲ್ಲ. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತದೆ. ಈ ಔಷಧಿ ಪಡೆದ 1885 ಮಕ್ಕಳು ಮತ್ತು ಹದಿಹರೆಯದವರ ಪ್ರಯೋಗಗಳಲ್ಲಿ ಶೇಕಡ 2.3ರಷ್ಟು ಮಂದಿಯಲ್ಲಿ ಎದೆ ಊದಿಕೊಂಡದ್ದು ವರದಿಯಾಗಿದೆ. ನೂರರಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಮಂದಿಗೆ ಅದು ಆಗಲಿಲ್ಲ. ನನ್ನ ಅನುಭವದಲ್ಲಿ ಇದಕ್ಕಿಂತ ಹೆಚ್ಚು ಕಾಡುವುದು, ಹೆಚ್ಚು ಮಕ್ಕಳನ್ನು ಕಾಡುವುದು, ತೂಕ. ಹೊಟ್ಟೆ ತುಂಬಿದರೂ ಹಸಿವು ನಿಲ್ಲುವುದಿಲ್ಲ. 2002ರಲ್ಲಿ ಪ್ರಕಟವಾದ, ಆಟಿಸಂ ಇರುವ 101 ಮಕ್ಕಳ ಪ್ರಯೋಗದಲ್ಲಿ ಎಂಟೇ ವಾರಕ್ಕೆ ರಿಸ್ಪೆರಿಡೋನ್ ಪಡೆದವರ ತೂಕ ಸರಾಸರಿ 2.7 ಕಿಲೊ ಏರಿತು. ಹೋಲಿಕೆಗೆಂದು ಔಷಧಿಯಿಲ್ಲದ ಹುಸಿಮಾತ್ರೆ ಪಡೆದವರದು 0.8 ಕಿಲೊ. ಎಂಟು ವರ್ಷದ ಮಗುವಿಗೆ ಇದು ಸಣ್ಣ ಸಂಖ್ಯೆಯಲ್ಲ. ಆದರೆ ಅದೇ ಪ್ರಯೋಗದ ಇನ್ನೊಂದು ಮುಖವನ್ನೂ ನೋಡಿ: ತನ್ನನ್ನೇ ಕಚ್ಚಿಕೊಳ್ಳುವ, ಇತರರ ಮೇಲೆ ಎರಗುವ, ಗಂಟೆಗಟ್ಟಲೆ ರಂಪ ಮಾಡುವ ಆ ಮಕ್ಕಳಲ್ಲಿ ಶೇಕಡ 69ರಷ್ಟು ಮಂದಿ ಔಷಧಿಯಿಂದ ಚೆನ್ನಾಗಿ ಸುಧಾರಿಸಿದರು. ಹುಸಿಮಾತ್ರೆಯ ಗುಂಪಿನಲ್ಲಿ ಸುಧಾರಿಸಿದವರು ಶೇಕಡ 12 ಮಾತ್ರ. 'ಈ ಔಷಧಿಯೇ ನಮ್ಮ ಮಗುವನ್ನು ಉಳಿಸಿತು' ಎಂದು ಬರೆದ ತಾಯಿ ಸುಳ್ಳು ಹೇಳಿಲ್ಲ. ಎದೆಯ ವಿಷಯ ಬರೆದು ನೊಂದ ತಾಯಿಯೂ ಸುಳ್ಳು ಹೇಳಿಲ್ಲ. ಅವರಿಬ್ಬರ ಮಕ್ಕಳೂ ನಿಮ್ಮ ಮಗನಲ್ಲ, ಅಷ್ಟೇ.

ಇದೇ ಆಧಾರದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2006ರಲ್ಲಿ ಆಟಿಸಂ ಇರುವ 5ರಿಂದ 16 ವರ್ಷದ ಮಕ್ಕಳ ತೀವ್ರ ಕೆರಳುವಿಕೆಗೆ ರಿಸ್ಪೆರಿಡೋನ್ ಕೊಡಲು ಒಪ್ಪಿಗೆ ನೀಡಿತು. ಒಪ್ಪಿಗೆ ಯಾವ ತೊಂದರೆಗೆ, ಯಾವ ವಯಸ್ಸಿಗೆ ಎಂಬುದನ್ನು ಗಮನಿಸಿ. ಒಪ್ಪಿಗೆಯಿಲ್ಲದ ತೊಂದರೆಗೆ ಔಷಧಿ ಬರೆಯುವುದು ಕಾನೂನುಬಾಹಿರವಲ್ಲ, ಮಕ್ಕಳ ವೈದ್ಯಕೀಯದಲ್ಲಿ ಅನೇಕ ಸಲ ಅನಿವಾರ್ಯ. ಆದರೆ ಆಗ ಯಾಕೆ ಎಂದು ವಿವರಿಸುವ ಹೊಣೆ ವೈದ್ಯರ ಮೇಲೆ ಹೆಚ್ಚಿರುತ್ತದೆ. ಕೇಳುವ ಹಕ್ಕು ನಿಮಗಿದೆ.

ಜೀವನಪೂರ್ತಿ ಬಿಡಲಾಗದು ಎಂಬುದು ಸುಳ್ಳು. ಹೆಚ್ಚಿನ ಮಕ್ಕಳಲ್ಲಿ ಆಗಾಗ ಡೋಸ್ ಇಳಿಸಿ, ಇನ್ನೂ ಬೇಕೇ ಎಂದು ನೋಡುತ್ತೇವೆ. ನೋಡಲೇಬೇಕು. ತಾವಾಗಿಯೇ ಒಂದೇ ಸಲಕ್ಕೆ ನಿಲ್ಲಿಸುವುದು ಮಾತ್ರ ಅಪಾಯ. ರಿಸ್ಪೆರಿಡೋನನ್ನು ಹಂತಹಂತವಾಗಿ ಇಳಿಸಬೇಕು. ಎಡಿಎಚ್‌ಡಿಗೆ ಕೆಲವೊಮ್ಮೆ ಕೊಡುವ ಕ್ಲೋನಿಡಿನ್, ಗ್ವಾನ್‌ಫಾಸಿನ್ ಎಂಬ ಔಷಧಿಗಳನ್ನು ಥಟ್ಟನೆ ಬಿಟ್ಟರೆ ರಕ್ತದೊತ್ತಡ ಒಮ್ಮೆಗೇ ಮೇಲೇರಬಹುದು.

ಮಂಕಾಗುತ್ತದೆ ಎಂಬುದು ಅರೆನಿಜ. ಶುರುವಿನ ದಿನಗಳಲ್ಲಿ ರಿಸ್ಪೆರಿಡೋನ್ ತೂಕಡಿಕೆ ತರುತ್ತದೆ, ಹಲವರಲ್ಲಿ ಅದು ವಾರಗಳಲ್ಲಿ ಕಡಿಮೆಯಾಗುತ್ತದೆ. ಆದರೆ ನಗು ಮಾಯವಾದರೆ, ಆಟ ಬಿಟ್ಟರೆ, ಮುಖ ಒಣಗಿದಂತಾದರೆ ಡೋಸ್ ಹೆಚ್ಚಾಗಿದೆ ಅಥವಾ ಆ ಔಷಧಿ ಆ ಮಗುವಿಗೆ ಒಗ್ಗುತ್ತಿಲ್ಲ. ಅದನ್ನು ಚಿಕಿತ್ಸೆ ಎಂದು ಒಪ್ಪಿಕೊಳ್ಳಬೇಡಿ. ಮಗು ತಾನಾಗಿಯೇ ಇರಬೇಕು, ಅವನಿಗೆ ಅಡ್ಡವಾಗಿರುವುದು ಮಾತ್ರ ಕಡಿಮೆಯಾಗಬೇಕು. ನಾನು ಗುರಿ ಇಟ್ಟುಕೊಳ್ಳುವುದು ಇಷ್ಟಕ್ಕೇ.

ತಪಾಸಣೆಯಲ್ಲಿ ಎಡಿಎಚ್‌ಡಿ ಎಂದೇ ತೀರ್ಮಾನವಾದರೆ ಮೊದಲು ಬರುವ ಹೆಸರು ರಿಸ್ಪೆರಿಡೋನ್ ಅಲ್ಲ, ಮೀಥೈಲ್‌ಫೆನಿಡೇಟ್. ಇದು ಹೊಸದೇನಲ್ಲ, 1944ರಲ್ಲಿ ತಯಾರಾದದ್ದು. ಅದಕ್ಕೂ ಮೊದಲು 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟು ನೋಡಿ, ಅವರಲ್ಲಿ 14 ಮಂದಿ ಓದಿನಲ್ಲಿ ಬೆರಗಾಗುವಷ್ಟು ಸುಧಾರಿಸಿದರು ಎಂದು ಬರೆದಿದ್ದರು. ಚಟುವಟಿಕೆ ಹೆಚ್ಚಿರುವ ಮಗುವಿಗೆ ಉತ್ತೇಜಕವೇ ಎಂದು ಕೇಳುವವರು ಇದ್ದಾರೆ, ನ್ಯಾಯವಾದ ಪ್ರಶ್ನೆ. ಈ ಔಷಧಿ ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ. ಗಮನವನ್ನು ಒಂದು ಕಡೆ ಹಿಡಿಯುವ, ಕೈ ಎತ್ತುವ ಮುನ್ನ ತಡೆಯುವ ಭಾಗಗಳಿಗೆ ಅದರಿಂದ ಬಲ ಬರುತ್ತದೆ. ಉತ್ತೇಜನೆ ಸಿಗುವುದು ಲಗಾಮಿಗೆ. ಕೊಟ್ಟ ಒಂದು ಗಂಟೆಯೊಳಗೆ ಕೆಲಸ ಶುರು. ಸಾದಾ ಮಾತ್ರೆ ಮೂರು ನಾಲ್ಕು ಗಂಟೆ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಎಂಟರಿಂದ ಹನ್ನೆರಡು ಗಂಟೆ. ಅಡ್ಡಪರಿಣಾಮ ಇಲ್ಲವೆಂದಲ್ಲ. ಮಧ್ಯಾಹ್ನದ ಹಸಿವು ಹೋಗುತ್ತದೆ, ರಾತ್ರಿ ನಿದ್ದೆ ತಡವಾಗುತ್ತದೆ, ಕೆಲವರಿಗೆ ಹೊಟ್ಟೆನೋವು, ತಲೆನೋವು. ಸಂಜೆ ಔಷಧಿಯ ಪ್ರಭಾವ ಇಳಿಯುವ ಹೊತ್ತಿಗೆ ಮಗು ಎಂದಿಗಿಂತ ಹೆಚ್ಚು ರೇಗಬಹುದು. ಆಗ ಪೋಷಕರು ಔಷಧಿ ಕೆಟ್ಟದ್ದು ಮಾಡಿತು ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಮುಗಿದುಹೋದದ್ದರ ಗುರುತು. ಎತ್ತರದ ಬೆಳವಣಿಗೆ ಸ್ವಲ್ಪ ನಿಧಾನವಾಗುತ್ತದೆ: ಬಿಡದೆ ತೆಗೆದುಕೊಂಡ ಮಕ್ಕಳಲ್ಲಿ ಮೂರು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ವ್ಯತ್ಯಾಸ ಕಂಡಿದೆ.

ಹೃದಯದ ಭಯವನ್ನೂ ನೀವು ಎಲ್ಲೋ ಓದಿರುತ್ತೀರಿ. 2011ರಲ್ಲಿ ಹನ್ನೆರಡು ಲಕ್ಷ ಮಕ್ಕಳು ಮತ್ತು ಯುವಕರ ದಾಖಲೆಗಳನ್ನು ನೋಡಿದ ಅಧ್ಯಯನದಲ್ಲಿ ಎಡಿಎಚ್‌ಡಿ ಔಷಧಿಗಳಿಂದ ಹೃದಯಾಘಾತ, ಪಾರ್ಶ್ವವಾಯು ಅಥವಾ ಹಠಾತ್ ಸಾವು ಹೆಚ್ಚಿದ್ದು ಕಂಡುಬರಲಿಲ್ಲ. ಆದರೂ ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ, ಮಗು ಓಡಾಡುವಾಗ ಎಂದಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ ವೈದ್ಯರು ಕೇಳುವ ಮುನ್ನವೇ ಹೇಳಿ. ಅಂಥ ಮಕ್ಕಳನ್ನು ಹೃದಯತಜ್ಞರಿಗೆ ತೋರಿಸಿಯೇ ಮುಂದೆ ಹೋಗುತ್ತೇವೆ. ಇನ್ನು ಚಟ. ವೈದ್ಯರು ಹೇಳಿದ ಡೋಸಿನಲ್ಲಿ ಬಾಯಿಂದ ತೆಗೆದುಕೊಂಡ ಮಕ್ಕಳು ಮುಂದೆ ಮಾದಕ ವಸ್ತುಗಳಿಗೆ ಹೆಚ್ಚಾಗಿ ಬೀಳುತ್ತಾರೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಮಾತ್ರೆ ದೊಡ್ಡವರ ಕೈಯಲ್ಲೇ ಇರಲಿ, ಮನೆಯ ಇನ್ನೊಂದು ಮಗುವಿಗೆ ಸಿಗದಿರಲಿ.

ಮೀಥೈಲ್‌ಫೆನಿಡೇಟ್ ಒಗ್ಗದವರಿಗೆ ಅಟೊಮಾಕ್ಸೆಟಿನ್ ಇದೆ. ಪೂರ್ತಿ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಎರಡನೇ ವಾರಕ್ಕೇ ಉಪಯೋಗವಿಲ್ಲ ಎಂದು ಬಿಟ್ಟವರನ್ನು ನೋಡಿದ್ದೇನೆ.

ಈ ವಿಷಯದಲ್ಲಿ ಅತ್ಯಂತ ಉಪಯುಕ್ತ ಅಧ್ಯಯನ ಎಂದು ನಾನು ಭಾವಿಸಿರುವುದು 1999ರಲ್ಲಿ ಹೊರಬಂದ ಎಂಟಿಎ ಎಂಬುದು. ಎಡಿಎಚ್‌ಡಿ ಇರುವ, 7ರಿಂದ 9 ವರ್ಷದ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ನೋಡಿಕೊಂಡರು. ಚಂಚಲತೆ, ಗಮನಹೀನತೆಗೆ ಎಚ್ಚರಿಕೆಯಿಂದ ಹೊಂದಿಸಿದ ಔಷಧಿಯೇ ವರ್ತನಾ ಚಿಕಿತ್ಸೆಗಿಂತ ಹೆಚ್ಚು ಕೆಲಸ ಮಾಡಿತು. ಆದರೆ ಎರಡೂ ಸಿಕ್ಕ ಮಕ್ಕಳಿಗೆ ಕಡಿಮೆ ಡೋಸ್ ಸಾಕಾಯಿತು, ಮನೆಯವರ ಜೊತೆಗಿನ ಒಡನಾಟವೂ ಸುಧಾರಿಸಿತು. ಮೂರು ವರ್ಷ ತುಂಬುವ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಗಿತ್ತು. ಈ ಕೊನೆಯ ಮಾತನ್ನು ಔಷಧಿಯ ಪರ ಇರುವವರು ಬಿಟ್ಟುಬಿಡುತ್ತಾರೆ, ಮೊದಲ ಮಾತನ್ನು ವಿರೋಧಿಗಳು ಬಿಟ್ಟುಬಿಡುತ್ತಾರೆ. ಔಷಧಿ ಇಂದಿನ ದಿನವನ್ನು ಹಗುರ ಮಾಡುತ್ತದೆ. ಆ ಹಗುರಾದ ದಿನದಲ್ಲಿ ಮಗು ಏನು ಕಲಿಯಿತು ಎಂಬುದು ಮಿಕ್ಕವರ ಕೈಯಲ್ಲಿರುತ್ತದೆ.

ಅದಕ್ಕೇ ಪೋಷಕರ ತರಬೇತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಹೆಸರು ಕೇಳಿದರೇ ತಾಯಂದಿರ ಮುಖ ಬಾಡುತ್ತದೆ, ತಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಹಾಗಲ್ಲ. ಅಮೆರಿಕದ ಆರೆಗನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮನೆಗಳಿಗೇ ಹೋಗಿ ಕುಳಿತು ಇಂಥ ಮಕ್ಕಳೂ ಅವರ ಮನೆಯವರೂ ಹೇಗೆ ನಡೆದುಕೊಳ್ಳುತ್ತಾರೆ ಎಂದು ದಾಖಲಿಸಿದರು. ಅವರು ಕಂಡ ಸುಳಿ ನಿಮ್ಮ ಮನೆಯಲ್ಲೂ ಇದ್ದೀತು. ನೀವು ಬರೆಯಲು ಹೇಳುತ್ತೀರಿ, ಅವನು ಕೂಗುತ್ತಾನೆ. ನೀವು ಗದರುತ್ತೀರಿ, ಅವನು ಇನ್ನೂ ಜೋರಾಗುತ್ತಾನೆ, ಪುಸ್ತಕ ಹರಿಯುತ್ತದೆ. ನೀವು ಸೋತು 'ಹೋಗು, ಬರೆಯಬೇಡ' ಅನ್ನುತ್ತೀರಿ. ಕೂಗಾಟ ನಿಂತಿತು. ಅವನಿಗೆ ಬರೆಯುವುದು ತಪ್ಪಿತು, ನಿಮಗೆ ಶಾಂತಿ ಸಿಕ್ಕಿತು, ಇಬ್ಬರಿಗೂ ಲಾಭ. ಲಾಭ ಸಿಕ್ಕ ದಾರಿಯನ್ನು ಮನುಷ್ಯ ಮತ್ತೆ ತುಳಿಯುತ್ತಾನೆ. ಯಾರೂ ಕೆಟ್ಟವರಾಗದೆಯೇ ಸಿಟ್ಟು ಹೀಗೆ ದಿನದಿನವೂ ಬಲಿಯುತ್ತದೆ. ತರಬೇತಿಯಲ್ಲಿ ಕಲಿಸುವುದು ಈ ಸುಳಿಯಿಂದ ಹೊರಬರುವುದನ್ನು: ಹತ್ತು ಸಾಲಿನ ಬದಲು ಎರಡು ಸಾಲು ಕೇಳುವುದು, ಎರಡು ಸಾಲು ಬರೆದ ಕೂಡಲೇ ಗುರುತಿಸಿ ಹೇಳುವುದು, ಕೂಗಿದಾಗ ವಾದಕ್ಕಿಳಿಯದೆ ಇರುವುದು, ಹೊಡೆದಾಗ ಮಾತ್ರ ಮೊದಲೇ ಹೇಳಿಟ್ಟ ಸಣ್ಣ ಪರಿಣಾಮವನ್ನು ತಪ್ಪದೆ ಜಾರಿ ಮಾಡುವುದು. ಓದುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಒಬ್ಬರೇ ಮಾಡುವುದಂತೂ ಆಗದ ಮಾತು, ಅದಕ್ಕೇ ಎರಡು ಮೂರು ತಿಂಗಳು ಜೊತೆಯಲ್ಲಿ ನಿಂತು ಕಲಿಸುವವರು ಬೇಕು. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕೂಗಿಗೆ ಮಣಿಯುವುದನ್ನು ನಿಲ್ಲಿಸಿದ ಮೊದಲ ವಾರ ಕೂಗು ಹೆಚ್ಚುತ್ತದೆ. ಆ ವಾರದಲ್ಲೇ ಹೆಚ್ಚಿನವರು ಕೈಚೆಲ್ಲುತ್ತಾರೆ.

ಆರು ವರ್ಷದೊಳಗಿನ ಮಕ್ಕಳಿಗೆ ಎಡಿಎಚ್‌ಡಿ ಇದ್ದರೂ ಮೊದಲು ಈ ತರಬೇತಿಯನ್ನೇ ಕೊಡಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ನಿಮ್ಮ ಮಗನ ವಯಸ್ಸಿನವರಿಗೆ ತರಬೇತಿ ಮತ್ತು ಔಷಧಿ ಎರಡೂ ಜೊತೆಗೆ. ಇವೆರಡೂ ಆಗಿ, ನಿದ್ದೆ ಮತ್ತು ಕಲಿಕೆಯ ತೊಡಕು ಸರಿಪಡಿಸಿ, ಅಷ್ಟಾದರೂ ಹೊಡೆತ ಬಡಿತ ನಿಲ್ಲದಿದ್ದರೆ ಆಗ ರಿಸ್ಪೆರಿಡೋನ್ ಸೇರಿಸುವ ಮಾತು ಬರುತ್ತದೆ. ಆ ಸರದಿಯಲ್ಲಿ ಬಂದಾಗ ಅದು ಒಳ್ಳೆಯ ಔಷಧಿಯೇ. ಒಂದು ವೇಳೆ ನಿಮ್ಮ ವೈದ್ಯರು ಅವನಲ್ಲಿ ಆಟಿಸಂನ ಲಕ್ಷಣ ಕಂಡು ಬರೆದಿದ್ದರೆ ನನ್ನ ಈ ಸರದಿ ಬದಲಾಗುತ್ತದೆ. ಹತ್ತೇ ನಿಮಿಷ ನೋಡಿದರು ಎಂಬ ಮಾತ್ರಕ್ಕೆ ಅವರು ಏನೂ ನೋಡಲಿಲ್ಲ ಎಂದು ನಾನು ದೂರದಲ್ಲಿ ಕುಳಿತು ಹೇಳಲಾರೆ.

ಆದ್ದರಿಂದ ಮತ್ತೆ ಅವರ ಬಳಿಗೇ ಹೋಗಿ, ಹೆಚ್ಚು ಸಮಯ ಬೇಕೆಂದು ಮೊದಲೇ ಕೇಳಿಕೊಂಡು ಹೋಗಿ. ನಲವತ್ತು ಪುಟ ಬೇಡ. ನನ್ನ ಮಗನಿಗೆ ಏನಾಗಿದೆ ಎಂದು ನಿಮಗನ್ನಿಸುತ್ತದೆ? ಈ ಔಷಧಿಯಿಂದ ಯಾವ ಒಂದು ವಿಷಯ ಸುಧಾರಿಸಬೇಕು, ಎಷ್ಟು ವಾರದಲ್ಲಿ? ಸುಧಾರಿಸದಿದ್ದರೆ ಯಾವಾಗ ನಿಲ್ಲಿಸುತ್ತೀರಿ? ಈ ಮೂರು ಪ್ರಶ್ನೆಗೆ ನಿಮಗೆ ಅರ್ಥವಾಗುವ ಉತ್ತರ ಸಿಕ್ಕರೆ ಆ ವೈದ್ಯರನ್ನು ನಂಬಬಹುದು. ಸಿಗದಿದ್ದರೆ ಮಕ್ಕಳ ಮನೋವೈದ್ಯರೊಬ್ಬರ ಎರಡನೇ ಅಭಿಪ್ರಾಯ ಪಡೆಯುವುದರಲ್ಲಿ ಯಾರಿಗೂ ಅವಮಾನವಿಲ್ಲ. ಮಾತ್ರೆ ಶುರು ಮಾಡುವ ದಿನ ಬಂದರೆ ಅದಕ್ಕೂ ಮುನ್ನ ತೂಕ, ಎತ್ತರ, ರಕ್ತದೊತ್ತಡ ಬರೆಸಿಕೊಳ್ಳಿ. ರಿಸ್ಪೆರಿಡೋನ್ ಆದರೆ ರಕ್ತದ ಸಕ್ಕರೆ ಮತ್ತು ಕೊಬ್ಬಿನ ಪರೀಕ್ಷೆಯೂ ಬೇಕು, ಕೆಲವು ತಿಂಗಳಿಗೊಮ್ಮೆ ಮತ್ತೆ ಮಾಡಿಸಬೇಕು. ಕತ್ತು ಅಥವಾ ಕಣ್ಣಗುಡ್ಡೆ ಒಂದು ಕಡೆ ಎಳೆದುಕೊಂಡರೆ, ಮೈ ಸೆಟೆದುಕೊಂಡು ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎರಡು ಹೊಸ ಔಷಧಿ ಒಟ್ಟಿಗೆ ಶುರು ಮಾಡಲು ಒಪ್ಪಬೇಡಿ, ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಓದುವುದನ್ನು ಬಿಡಿ ಎನ್ನುವುದಿಲ್ಲ, ಓದುವ ಬಗೆ ಬದಲಾಗಲಿ. ಅಡ್ಡಪರಿಣಾಮದ ಪಟ್ಟಿ ಕಂಡರೆ 'ಆಗುತ್ತದೆಯೇ' ಎಂದಲ್ಲ, 'ಎಷ್ಟು ಮಂದಿಗೆ' ಎಂದು ಹುಡುಕಿ. ಔಷಧಿಯ ಮಾಹಿತಿಪತ್ರಗಳಲ್ಲಿ ಸಾಮಾನ್ಯವಾಗಿ 'ಬಹಳ ಸಾಮಾನ್ಯ' ಎಂದರೆ ಹತ್ತರಲ್ಲಿ ಒಬ್ಬರಿಗಾದರೂ ಆಗುವುದು, 'ಅಪರೂಪ' ಎಂದರೆ ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆ. ಪುಟದಲ್ಲಿ ಎರಡೂ ಒಂದೇ ಗಾತ್ರದ ಅಕ್ಷರದಲ್ಲಿರುತ್ತವೆ, ರಾತ್ರಿ ಒಬ್ಬರೇ ಕೂತು ಓದುವಾಗ ಎರಡೂ ಒಂದೇ ತೂಕದವಾಗಿ ಕಾಣುತ್ತವೆ. ಹುಸಿಮಾತ್ರೆ ಪಡೆದವರಲ್ಲಿ ಎಷ್ಟು ಎಂಬುದನ್ನೂ ನೋಡಿ. ಖಿನ್ನತೆಯ ಔಷಧಿಗಳಿಂದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ದುಪ್ಪಟ್ಟಾಗುತ್ತದೆ ಎಂದು ಓದಿದರೆ ಎದೆ ಒಡೆಯುತ್ತದೆ. 2004ರಲ್ಲಿ ಎಫ್‌ಡಿಎ ಆ ಎಚ್ಚರಿಕೆ ಕೊಟ್ಟದ್ದು ಹೌದು. ಸಂಖ್ಯೆ ಹೀಗಿತ್ತು: ಔಷಧಿ ಪಡೆದ ನೂರರಲ್ಲಿ 4, ಹುಸಿಮಾತ್ರೆ ಪಡೆದ ನೂರರಲ್ಲಿ 2, ಆ ಪ್ರಯೋಗಗಳಲ್ಲಿ ಸಾವು ಒಂದೂ ಇಲ್ಲ. ಮೊದಲ ವಾರಗಳಲ್ಲಿ ಕಣ್ಣಿಟ್ಟು ನೋಡಿಕೊಳ್ಳಲು ಸಾಕಷ್ಟು ಕಾರಣ ಅದು. ಅಗತ್ಯವಿರುವ ಮಗುವಿಗೆ ಔಷಧಿಯನ್ನೇ ನಿರಾಕರಿಸಲು ಸಾಕಾಗುವ ಕಾರಣವಲ್ಲ.

ಇವೆಲ್ಲ ನಿಧಾನವಾಗಿ ಮಾಡುವ ಕೆಲಸ. ನಿಧಾನ ಮಾಡಬಾರದ ಸಂದರ್ಭವೂ ಇದೆ. ಮಗ ಸಾಯುವ ಮಾತಾಡಿದರೆ, ತನಗೆ ಗಾಯ ಮಾಡಿಕೊಂಡರೆ, ತಂಗಿಗೆ ನಿಜವಾದ ಅಪಾಯವಿದೆ ಅನ್ನಿಸಿದರೆ ಈ ಸರದಿಯನ್ನೆಲ್ಲ ಬದಿಗಿಟ್ಟು ಅಂದೇ ತೋರಿಸಿ.

ಕೊನೆಗೆ, ಅವನು ಕೇಳಿದ ಪ್ರಶ್ನೆ. ಇಷ್ಟು ಹೇಳಿ ಸಾಕು: 'ಮಾತ್ರೆ ಒಳ್ಳೆಯವನನ್ನಾಗಿ ಮಾಡೋದಕ್ಕೆ ಅಲ್ಲ ಕಂದಾ. ಬರೆಯೋಕೆ ಕೂತಾಗ ನಿಂಗೆ ಯಾಕೆ ಅಷ್ಟು ಕಷ್ಟ ಆಗುತ್ತೆ ಅಂತ ಹುಡುಕ್ತಾ ಇದ್ದೀವಿ. ಗೊತ್ತಾದ್ಮೇಲೆ ಬೇಕು ಅನ್ಸಿದ್ರೆ ತಗೊಳ್ಳೋಣ, ನಿಂಗೆ ಹೇಗನ್ಸುತ್ತೆ ಅಂತ ನೀನೇ ನಮಗೆ ಹೇಳ್ಬೇಕು.' ಮುಂದೆ ಔಷಧಿ ಶುರುವಾದರೂ ಅವನು ರೇಗಿದಾಗ 'ಇವತ್ತು ಮಾತ್ರೆ ತಗೊಂಡ್ಯಾ?' ಎಂದು ಮನೆಯಲ್ಲಾಗಲಿ ತರಗತಿಯಲ್ಲಾಗಲಿ ಯಾರೂ ಕೇಳದಂತೆ ನೋಡಿಕೊಳ್ಳಿ. ಆ ಮಾತು ಕೇಳಿ ಬೆಳೆದ ಮಕ್ಕಳು ಹದಿಮೂರು ಹದಿನಾಲ್ಕಕ್ಕೆ ಮಾತ್ರೆಯನ್ನು ಕಿಟಕಿಯಿಂದ ಎಸೆಯುತ್ತಾರೆ, ತಮ್ಮ ಒಳ್ಳೆಯ ದಿನಗಳೆಲ್ಲ ಆ ಮಾತ್ರೆಯವು ಎಂದು ನಂಬಿರುತ್ತಾರೆ. ಇವತ್ತು ಸಂಜೆ ಸಾಧ್ಯವಾದರೆ, ಅವನು ಸಮಾಧಾನವಾಗಿರುವ ಹೊತ್ತು ನೋಡಿ, ದಿನದಲ್ಲಿ ಯಾವುದು ತುಂಬ ಕಷ್ಟ ಎಂದು ಅವನನ್ನೇ ಕೇಳಿ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ನಿಮ್ಮ ನೋಟ್‌ಬುಕ್ಕಿನ ನಲವತ್ತೊಂದನೇ ಪುಟದಲ್ಲಿ ಬರೆದುಕೊಳ್ಳಿ. ವೈದ್ಯರಿಗೆ ಮೊದಲು ತೋರಿಸಬೇಕಾದ ಪುಟ ಅ‌ದು.